ಮೂಳೆ ಕಂಡ ಗಾಯ ಕಾಯುವುದಿಲ್ಲ



ಬೆಂಗಳೂರು–ಪುಣೆ ಹೆದ್ದಾರಿ ನಮ್ಮ ಹಿರಿಯೂರು, ಚಿತ್ರದುರ್ಗಗಳನ್ನು ಹಾದು ಹೋಗುತ್ತದೆ. ಹೊಸಪೇಟೆ, ಸೊಲ್ಲಾಪುರದ ರಸ್ತೆ ಚಿತ್ರದುರ್ಗದಲ್ಲಿ ಕವಲೊಡೆಯುತ್ತದೆ. ಶಿವಮೊಗ್ಗದ ದಾರಿ ಹೊಳಲ್ಕೆರೆಯ ಮೇಲೆ. ಈ ರಸ್ತೆಗಳಲ್ಲಿ ಲಾರಿಗೆ ಸಿಕ್ಕ ಬೈಕ್ ಸವಾರನ ಕಾಲು, ಹೊಲದಲ್ಲಿ ರೊಟವೇಟರ್‌ಗೆ ಸಿಕ್ಕ ಕಾಲು, ಶೇಂಗಾ ಕೀಳುವಾಗ ಹಾವು ಕಚ್ಚಿ ಕೊಳೆತ ಕಾಲು, ಸಕ್ಕರೆ ಕಾಯಿಲೆಯಿಂದ ಹುಣ್ಣಾದ ಕಾಲು: ಇವೆಲ್ಲ ನಮ್ಮ ಜಿಲ್ಲೆಯ ದಿನನಿತ್ಯದ ಸಂಕಟ. ಇವುಗಳಲ್ಲಿ ಅಪಘಾತದ ಗಾಯವನ್ನೇ ಮುಖ್ಯವಾಗಿಟ್ಟುಕೊಂಡು ಇವತ್ತು ಮಾತನಾಡುತ್ತೇನೆ. ನನ್ನ ಮಾತು ಇಷ್ಟೇ: ಮೂಳೆ ಕಾಣುವ ಗಾಯವನ್ನು ವಾರಗಟ್ಟಲೆ ಡ್ರೆಸಿಂಗ್ ಮಾಡುತ್ತಾ ಕೂರಬಾರದು. ರಕ್ತ ಹರಿಯುವ ಮಾಂಸ, ಚರ್ಮಗಳಿಂದ ಅದನ್ನು ಬೇಗ ಮುಚ್ಚಬೇಕು.

ಕಾರಣ ನಮ್ಮ ಕಾಲಿನ ರಚನೆಯಲ್ಲೇ ಇದೆ. ತೊಡೆಯ ಮೂಳೆಗೆ ಸುತ್ತಲೂ ದಪ್ಪ ಸ್ನಾಯುಗಳಿವೆ. ಮೊಣಕಾಲಿನ ಕೆಳಗೆ ಹಾಗಿಲ್ಲ. ಮುಂಭಾಗದ ಮೂಳೆಯನ್ನು ಬೆರಳಿನಿಂದ ಒತ್ತಿ ನೋಡಿ, ಚರ್ಮದ ಅಡಿಯಲ್ಲೇ ಸಿಗುತ್ತದೆ. ಅಲ್ಲಿ ಚರ್ಮ ಹರಿದರೆ ಮೂಳೆ ಹೊರಗೆ ಬಂತೆಂದೇ ಅರ್ಥ. ಹೊದಿಕೆ ಕಳೆದುಕೊಂಡ ಮೂಳೆ ಒಣಗುತ್ತದೆ, ಸಾಯುತ್ತದೆ, ಕೀವು ಹಿಡಿಯುತ್ತದೆ. ಮುರಿದ ಮೂಳೆಗೆ ಎಷ್ಟು ಚೆನ್ನಾಗಿ ರಾಡ್ ಹಾಕಿದ್ದರೂ ಅದು ಕೂಡುವುದು ಕಷ್ಟವಾಗುತ್ತದೆ.

ತೊಡೆಯಿಂದ ತೆಳುವಾಗಿ ಚರ್ಮ ತೆಗೆದು ಹಚ್ಚುವ ಗ್ರಾಫ್ಟ್ ಹೆಚ್ಚಿನವರಿಗೆ ಗೊತ್ತು. ಕೆಳಗೆ ಕೆಂಪಾದ, ಜೀವಂತ ಮಾಂಸವಿದ್ದರೆ ಅದು ಹಿಡಿಯುತ್ತದೆ. ಪೊರೆ ಕಳಚಿದ ಬರೀ ಮೂಳೆಯ ಮೇಲೆ ಹಿಡಿಯುವುದಿಲ್ಲ. ಅಲ್ಲಿ ಬೇಕಾದದ್ದು ಫ್ಲ್ಯಾಪ್: ತನ್ನ ರಕ್ತನಾಳವನ್ನು ತನ್ನೊಂದಿಗೇ ಉಳಿಸಿಕೊಂಡು ಜಾಗ ಬದಲಿಸುವ ಅಂಗಾಂಶ. ಮೊಣಕಾಲಿನ ಹತ್ತಿರದ ಗಾಯಕ್ಕೆ ಮೀನಖಂಡದ ಹೊರಸ್ನಾಯುವನ್ನು ತಿರುಗಿಸುತ್ತೇವೆ. ನಡುಭಾಗಕ್ಕೆ ಅದರಡಿಯ ಸೋಲಿಯಸ್ ಸ್ನಾಯು. ಕೆಳಗಿನ ಮೂರನೇ ಒಂದು ಭಾಗದಲ್ಲಿ ಸ್ನಾಯುವೇ ಕಡಿಮೆ, ಅದಕ್ಕೇ ಅದು ಅತ್ಯಂತ ಕಠಿಣ. ಅಲ್ಲಿ ಮೀನಖಂಡದ ಹಿಂಬದಿಯ ಚರ್ಮವನ್ನು ಸೂರಲ್ ನರದ ಜೊತೆಗಿನ ಸಣ್ಣ ರಕ್ತನಾಳಗಳ ಸಮೇತ ಎತ್ತಿ, ಹರಡಿನಿಂದ ಸುಮಾರು ಐದು ಸೆಂಟಿಮೀಟರ್ ಮೇಲೆ ತಿರುಗುಬಿಂದು ಇಟ್ಟುಕೊಂಡು, ಕೆಳಕ್ಕೆ ತಿರುಗಿಸಿ ಹಿಮ್ಮಡಿಯವರೆಗೂ ಹೊದಿಸಬಹುದು. ಫ್ರಾನ್ಸಿನ ಮಾಸ್ಕಲೆ ಮತ್ತು ಸಂಗಡಿಗರು 1992ರಲ್ಲಿ ವಿವರಿಸಿದ ಈ ವಿಧಾನಕ್ಕೆ ಸೂಕ್ಷ್ಮದರ್ಶಕ ಬೇಕಿಲ್ಲ. ಜಿಲ್ಲಾಮಟ್ಟದಲ್ಲಿ ಮಾಡಬಹುದಾದ ಕೆಲಸ ಇದು. ಗಾಯ ತೀರಾ ದೊಡ್ಡದಾದರೆ ಮಾತ್ರ ಬೇರೆಡೆಯ ಸ್ನಾಯುವನ್ನು ತಂದು ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿ ಹೊಲಿಯಬೇಕಾಗುತ್ತದೆ.

ರಕ್ತನಾಳ ಉಳಿಸಿಕೊಂಡು ಅಂಗಾಂಶವನ್ನು ತಿರುಗಿಸುವ ಈ ತತ್ವ ನಮ್ಮ ನೆಲಕ್ಕೆ ಹೊಸದಲ್ಲ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್ಜಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗು ಕಳೆದುಕೊಂಡ. ನಾಟಿ ವೈದ್ಯರೊಬ್ಬರು ಹಣೆಯ ಚರ್ಮವನ್ನು ಬುಡ ಕಡಿಯದೆ ತಿರುಗಿಸಿ ಅವನಿಗೆ ಮೂಗು ಕಟ್ಟಿದರು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅದನ್ನು ಚಿತ್ರ ಸಮೇತ ಪ್ರಕಟಿಸಿತು. ಬುಡ ಉಳಿಸಿ ತಿರುಗಿಸುವ ಆ ಉಪಾಯವೇ ಇವತ್ತು ಕಾಲನ್ನೂ ಉಳಿಸುತ್ತಿದೆ.

ಗಾಯವನ್ನು ಬೇಗ ಮುಚ್ಚಬೇಕು ಎಂದೆನಲ್ಲ, ಬೇಗ ಎಂದರೆ ಎಷ್ಟು ಬೇಗ? ಸ್ಲೊವೇನಿಯಾದ ಸರ್ಜನ್ ಮಾರ್ಕೊ ಗೊಡಿನಾ ಅವರ 532 ರೋಗಿಗಳ ಅನುಭವ 1986ರಲ್ಲಿ ಪ್ರಕಟವಾಯಿತು. 72 ಗಂಟೆಯೊಳಗೆ ಮುಚ್ಚಿದವರಲ್ಲಿ ಸೋಂಕು ಶೇ. 1.5. ಆಮೇಲೆ, ಮೂರು ತಿಂಗಳೊಳಗೆ ಮುಚ್ಚಿದವರಲ್ಲಿ ಶೇ. 17.5. ಗಾಯ ತೊಳೆದು, ಸತ್ತ ಮಾಂಸ ಕತ್ತರಿಸಿ ತೆಗೆಯುವ ಮೊದಲ ಆಪರೇಷನ್ನಿಗೇ ಮೂಳೆ ತಜ್ಞರೂ ಪ್ಲಾಸ್ಟಿಕ್ ಸರ್ಜನ್ನರೂ ಒಟ್ಟಿಗೆ ನಿಲ್ಲಬೇಕು ಎನ್ನುವುದು ಇದಕ್ಕೇ.

ಆಪರೇಷನ್ ಮುಗಿದ ಮೇಲೂ ಎರಡು ಮೂರು ದಿನ ಕಣ್ಣಿಟ್ಟು ಕಾಯಬೇಕು. ವಾರ್ಡಿನಲ್ಲಿ ನರ್ಸಮ್ಮ ಗಂಟೆಗೊಮ್ಮೆ ಬಂದು ಫ್ಲ್ಯಾಪನ್ನು ಬೆರಳಿನಿಂದ ಒತ್ತಿ ಬಿಡುತ್ತಾರೆ. ಬಿಳಿಚಿದ ಚರ್ಮ ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಕೆಂಪೇರಿದರೆ ಸರಿ. ನೀಲಿಗಟ್ಟಿದರೆ ರಕ್ತ ಹೊರಗೆ ಹೋಗುತ್ತಿಲ್ಲ. ಬಿಳಿಚಿಕೊಂಡೇ ಇದ್ದರೆ ರಕ್ತ ಒಳಗೆ ಬರುತ್ತಿಲ್ಲ. ಕೂಡಲೇ ಡಾಕ್ಟರನ್ನು ಕರೆಯಬೇಕು. ಕಾಲನ್ನು ಎತ್ತರದಲ್ಲಿಡಬೇಕು, ಫ್ಲ್ಯಾಪಿನ ಮೇಲೆ ಭಾರ ಬೀಳಬಾರದು. ಬೀಡಿ, ಸಿಗರೇಟು ಪೂರ್ತಿ ಬಿಡಬೇಕು. ಹೊಗೆ ರಕ್ತನಾಳಗಳನ್ನು ಕುಗ್ಗಿಸುತ್ತದೆ.

ಬಂಧುಗಳೇ, ಗಾಯವಾದ ಕೂಡಲೇ ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಒಗೆದ ಬಟ್ಟೆ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ರಸ್ತೆಯಲ್ಲಿ ಬಿದ್ದವರಿಗೆ ನೆರವಾಗಲು ಪೊಲೀಸ್, ಕೋರ್ಟು ಎಂದು ಹೆದರಬೇಡಿ. ಸದುದ್ದೇಶದಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ರಕ್ಷಣೆಯಿದೆ. 2025ರ ಕೇಂದ್ರ ಯೋಜನೆಯಡಿ ರಸ್ತೆ ಅಪಘಾತಕ್ಕೆ ಒಳಗಾದವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಕಾಲನ್ನು ಉಳಿಸಿಕೊಳ್ಳಬೇಕಾದದ್ದೂ ಆ ಏಳು ದಿನಗಳಲ್ಲೇ.

ಆದ್ದರಿಂದ ನಿಮ್ಮವರ ಕಾಲಿಗೆ ಪೆಟ್ಟಾದಾಗ ಮೊದಲ ದಿನವೇ ವೈದ್ಯರನ್ನು ಗೌರವದಿಂದ ಕೇಳಿ: "ಮೂಳೆ ಕಾಣ್ತಾ ಇದೆಯಾ ಸಾರ್? ಯಾವತ್ತು ಮುಚ್ತೀರಿ? ಇಲ್ಲಿ ಆಗದಿದ್ದರೆ ಇವತ್ತೇ ಎಲ್ಲಿಗೆ ಕಳಿಸ್ತೀರಿ?" ಹಾಗೆಯೇ ನಮ್ಮ ಜಿಲ್ಲೆಯಲ್ಲಿ ಮೂಳೆ ತಜ್ಞರ ಪಕ್ಕದಲ್ಲಿ ಪ್ಲಾಸ್ಟಿಕ್ ಸರ್ಜನ್ ಹಗಲೂ ರಾತ್ರಿಯೂ ಇರುವಂತೆ ನಮ್ಮ ಪ್ರತಿನಿಧಿಗಳನ್ನು ಒತ್ತಾಯಿಸಿ. ದುಡಿದು ತಿನ್ನುವ ಮನೆಯಲ್ಲಿ ಒಂದು ಕಾಲು ಉಳಿದರೆ ಆ ಮನೆಯೇ ಉಳಿಯುತ್ತದೆ.