ಈ ಲಿಂಕ್ ಎಲ್ಲಿಂದ ಬಂತು?

ಇವತ್ತು ಬೇರೆಯವರ ತಪ್ಪಲ್ಲ, ನಮ್ಮ ಮನೆಯದೇ ಒಂದು ತಪ್ಪಿನ ಬಗ್ಗೆ ಮಾತಾಡ್ತೀನಿ.

ಮೊನ್ನೆ ರಾತ್ರಿ ಹತ್ತರ ಹೊತ್ತಿಗೆ ನಮ್ಮ ವೆಬ್‌ಸೈಟ್‌ನ ಒಂದು ಸುದ್ದಿಗೆ ಇದ್ದಕ್ಕಿದ್ದಂತೆ ಜನ ಮುಗಿಬಿದ್ದರು. ಡೆಸ್ಕ್‌ನಲ್ಲಿ ಖುಷಿಯೋ ಖುಷಿ. ಯಾವ ಸುದ್ದಿ ಅಂತ ತೆಗೆದು ನೋಡಿದರೆ, 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಹಾಕಿದ್ದು! ಮೊನ್ನೆಯೂ ಅಲ್ಲಿ ಮಳೆ ಸುರೀತಿತ್ತು ನೋಡಿ, ಜನ ಅದನ್ನ ಇವತ್ತಿನದೇ ಅಂದುಕೊಂಡು ಹಂಚ್ತಾ ಇದ್ದರು. ಮೈಸೂರಿನಿಂದ ಒಬ್ಬರು ಫೋನ್ ಮಾಡಿ, "ಮಗಳು ಮಡಿಕೇರಿಲಿದಾಳೆ, ಫೋನ್ ಸಿಗ್ತಿಲ್ಲ. ರಸ್ತೆ ಇದೆಯಾ ಸಾರ್?" ಅಂದರು. ಅದು ಹಳೇ ಸುದ್ದಿ ಅಂತ ಹೇಳಿದೆ. ಅವರು ನಂಬಲಿಲ್ಲ. ನಿಮ್ಮ ಚಾನೆಲ್‌ನದೇ ಅಲ್ವಾ ಅಂತ ಕೇಳಿದರು.

ಇದನ್ನ ಎತ್ತಿ ಹಾಕಿದ್ದು ಎಲ್ಲಿ ಅಂತ ಹುಡುಕೋಕೆ ಕೂತೆವು. ನೀವು ಲಿಂಕ್ ಒತ್ತಿದಾಗ ನಿಮ್ಮ ಬ್ರೌಸರ್, ತಾನು ಯಾವ ತಾಣದಿಂದ ಬಂದೆ ಅನ್ನೋದನ್ನ ಸಾಮಾನ್ಯವಾಗಿ ನಮ್ಮ ಸರ್ವರ್‌ಗೆ ತಿಳಿಸುತ್ತೆ. ಅದಕ್ಕೆ ರೆಫರರ್ ಅಂತಾರೆ. (ಆ ಪದದ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಒಂದಕ್ಷರ ಬಿಟ್ಟುಹೋಗಿ, 1996ರ ಎಚ್‌ಟಿಟಿಪಿ ದಾಖಲೆಯಲ್ಲೂ ಹಾಗೇ ಸೇರಿ, ಇವತ್ತಿಗೂ ಅದೇ ತಪ್ಪು ನಡೀತಿದೆ. ಎಂಜಿನಿಯರಿಂಗ್ ಓದಿದವನಾಗಿ ನನಗೇನೂ ಆಶ್ಚರ್ಯ ಇಲ್ಲ.) ರೆಡ್ಡಿಟ್, ಹ್ಯಾಕರ್ ನ್ಯೂಸ್‌ನಂಥ ಕಡೆ ಕೆಲಸ ಇನ್ನೂ ಸಲೀಸು. ನಮ್ಮ ತಾಣದ ಹೆಸರು ಕೊಟ್ಟರೆ ಯಾರು, ಯಾವಾಗ ನಮ್ಮ ಲಿಂಕ್ ಹಾಕಿದರು ಅನ್ನೋ ಪಟ್ಟಿಯೇ ಬರುತ್ತೆ. ಅಲ್ಲೇ ಹೋಗಿ "ಸ್ವಾಮಿ, ಇದು ಹಳೇದು" ಅಂತ ಬರೀಬಹುದು.

ನಮಗೆ ಸಿಕ್ಕಿದ್ದು ಒಂದೇ ಪದ: 'ಡೈರೆಕ್ಟ್'. ಅಂದರೆ ಎಲ್ಲಿಂದ ಬಂದರೋ ಗೊತ್ತಿಲ್ಲ ಅಂತ. ಬಹುಪಾಲು ವಾಟ್ಸಾಪ್ ಇರಬೇಕು. ಅಲ್ಲಿಂದ ಬಂದವರ ಜೊತೆ ವಿಳಾಸ ಬರೋದಿಲ್ಲ. ಅಮೆರಿಕದ 'ದಿ ಅಟ್ಲಾಂಟಿಕ್' ಪತ್ರಿಕೆಯ ಅಲೆಕ್ಸಿಸ್ ಮ್ಯಾಡ್ರಿಗಲ್ 2012ರಲ್ಲೇ ಇದಕ್ಕೆ 'ಡಾರ್ಕ್ ಸೋಷಿಯಲ್' ಅಂತ ಹೆಸರಿಟ್ಟಿದ್ದರು. ಆಗ ಅವರ ತಲೆಯಲ್ಲಿದ್ದದ್ದು ಇಮೇಲ್, ಚಾಟ್. ನಮ್ಮಲ್ಲಿ ಅದು ಎಲ್ಲಿಗೆ ಮುಟ್ಟಿತು ಅನ್ನೋದನ್ನ ಬೀದರ್ ಜಿಲ್ಲೆಯ ಮುರ್ಕಿ ನೋಡಿದೆ. 2018ರ ಜುಲೈನಲ್ಲಿ, ಮಕ್ಕಳ ಕಳ್ಳರು ಅನ್ನೋ ವಾಟ್ಸಾಪ್ ಗಾಳಿಸುದ್ದಿ ನಂಬಿದ ಗುಂಪು ಹೈದರಾಬಾದಿನ ಟೆಕ್ಕಿಯೊಬ್ಬರನ್ನ ಅಲ್ಲಿ ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸಾಪ್, ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂತ ಮಿತಿ ಹಾಕೋದಾಗಿ ಹೇಳಿತು.

ಲಂಡನ್ನಿನ 'ಗಾರ್ಡಿಯನ್' ಪತ್ರಿಕೆ 2019ರಲ್ಲೇ ಹಳೇ ಸುದ್ದಿಗಳ ಮೇಲೆ ಎಷ್ಟು ವರ್ಷದ್ದು ಅಂತ ಹಳದಿ ಪಟ್ಟಿ ಎದ್ದು ಕಾಣೋ ಹಾಗೆ ಹಾಕಿತು. ಹಂಚಿದಾಗ ಕಾಣೋ ಚಿತ್ರದ ಮೇಲೂ ವರ್ಷ ಬರುತ್ತೆ. ನಮ್ಮದರಲ್ಲಿ ತಾರೀಕು ಎಲ್ಲಿತ್ತು ಗೊತ್ತಾ? ಕೆಳಗೆ, ಜಾಹೀರಾತು ದಾಟಿದ ಮೇಲೆ, ಇರುವೆಯಷ್ಟು ಅಕ್ಷರದಲ್ಲಿ. ಅವತ್ತು ರಾತ್ರಿಯೇ ತಲೆಬರಹದ ಮುಂದೆ '2018' ಅಂತ ಸೇರಿಸಿದೆವು. ಆಗಲೇ ಹಂಚಿಹೋಗಿದ್ದ ಲಿಂಕ್‌ಗಳ ಮೇಲೆ ಮಾತ್ರ ಹಳೇ ತಲೆಬರಹವೇ ಉಳೀತು.

ಮೈಸೂರಿನವರು ಹನ್ನೊಂದೂವರೆಗೆ ಮತ್ತೆ ಫೋನ್ ಮಾಡಿದರು. ಮಗಳು ಸಿಕ್ಕಳಂತೆ, ಕರೆಂಟಿಲ್ಲದೆ ಮೊಬೈಲ್ ಆಫ್ ಆಗಿತ್ತಂತೆ. ಆಮೇಲೆ ನನಗೆ ಸರಿಯಾಗಿ ಬೈದರು. ಫೋನ್ ಇಡದೆ ಕೇಳಿಸಿಕೊಂಡೆ.