ಗಡಿಯ ಹುಡುಗರೇ, ಕಿವಿಯ ಪಾಠ ನೀವೇ ಮಾಡಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮಹಾರಾಷ್ಟ್ರ-ಕರ್ನಾಟಕ ಗಡಿಯ ಜತ್ತ, ಅಥಣಿ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವ ಮೊದಲೇ ಅದರ ಹಾಡು ಕಿವಿಗೆ ಬೀಳುತ್ತದೆ. ಹಿಂದೆ ಎರಡು ಟ್ರೇಲರ್ ಕಬ್ಬು, ಡ್ರೈವರನ ತಲೆಯ ಪಕ್ಕದಲ್ಲೇ ದೊಡ್ಡ ದೊಡ್ಡ ಸೌಂಡ್ ಬಾಕ್ಸ್. ಬೆಳುಂಕಿಯ, ಸುತ್ತಲಿನ ಕನ್ನಡ ಊರುಗಳ ಹುಡುಗ ಹುಡುಗಿಯರೇ, ಆ ಡ್ರೈವರ್ ನಿಮ್ಮ ಅಣ್ಣನೋ ಸೋದರಮಾವನೋ ಆಗಿರುತ್ತಾನೆ. ಹಾಡು ಬಂದ್ ಮಾಡಿಸಿ ಎಂದು ನಾನು ಹೇಳುವುದಿಲ್ಲ. ರಾತ್ರಿಯೆಲ್ಲ ಕಬ್ಬು ಸಾಗಿಸುವವನ ನಿದ್ದೆ ಓಡಿಸುವುದೇ ಆ ಹಾಡು. ಆದರೆ ಅವನಿಗೆ ನಲವತ್ತು ತುಂಬುವಷ್ಟರಲ್ಲಿ ಮಗಳು ಕರೆದರೂ ಕೇಳಿಸದ ಹಾಗಾಗಬಾರದು. ಅದನ್ನು ಅವನ ಮನಸ್ಸಿಗೆ ನಾಟುವಂತೆ ಹೇಳಬಲ್ಲವರು ನೀವು.

ಮೊದಲು ವಿಷಯ ತಿಳಿದುಕೊಳ್ಳಿ. ಒಳಕಿವಿಯ ಸುರುಳಿಯಲ್ಲಿ ಕೂದಲು ಕೋಶಗಳು ಎಂಬ ಸೂಕ್ಷ್ಮ ಕೋಶಗಳಿವೆ. ಒಂದೊಂದು ಕಿವಿಗೆ ಸುಮಾರು 15,000. ಸದ್ದು ಬಂದಾಗ ಅವುಗಳ ತುದಿ ಬಾಗುತ್ತದೆ, ಆ ಬಾಗುವಿಕೆಯೇ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ನಿಮ್ಮ ಹೊಲದ ಹಿಂಗಾರಿ ಜೋಳದ ಸಸಿಯ ಮೇಲೆ ಒಮ್ಮೆ ಕಾಲಿಟ್ಟರೆ ಮರುದಿನಕ್ಕೆ ಎದ್ದು ನಿಲ್ಲುತ್ತದೆ. ದಿನಾ ಅದರ ಮೇಲೆಯೇ ದಾರಿ ಮಾಡಿಕೊಂಡರೆ ಅಲ್ಲಿ ನೆಲ ಮಾತ್ರ ಉಳಿಯುತ್ತದೆ. ಕೂದಲು ಕೋಶಗಳ ಕತೆಯೂ ಅದೇ. ಗಣಪತಿ ಮೆರವಣಿಗೆ ಮುಗಿಸಿ ಮಲಗಿದಾಗ ಕಿವಿಯಲ್ಲಿ ಗುಂಯ್‌ಗುಡುತ್ತದಲ್ಲ, ಅದು ಸಸಿ ಬಾಗಿದೆ ಎಂಬ ಸೂಚನೆ. ಕೋಳಿಗಾದರೆ ಸತ್ತ ಕೂದಲು ಕೋಶ ಮತ್ತೆ ಹುಟ್ಟುತ್ತದೆ. 1980ರ ದಶಕದಲ್ಲಿ ವಿಜ್ಞಾನಿಗಳು ಇದನ್ನು ಕಂಡುಕೊಂಡರು. ಮನುಷ್ಯರಿಗೆ ಆ ಪುಣ್ಯವಿಲ್ಲ.

ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ನಾಲ್ಕೇ ಗಂಟೆ. 100 ಮುಟ್ಟಿದರೆ ಇಡೀ ವಾರಕ್ಕೆ ಇಪ್ಪತ್ತು ನಿಮಿಷ. ಮಕ್ಕಳಿಗೆ ಮಿತಿ ಇನ್ನೂ ಬಿಗಿ: 40 ಗಂಟೆಗೆ 75 ಡೆಸಿಬೆಲ್. ಡಿಜೆ ಬಾಕ್ಸಿನ ಎದುರು ಅಪ್ಪನ ಹೆಗಲ ಮೇಲೆ ಕೂತ ಮಗುವಿನ ವಾರದ ಪಾಲು ಒಂದೇ ಹಾಡಿಗೆ ಮುಗಿದಿರುತ್ತದೆ.

ಈಗ ನಿಮ್ಮ ಕೈಯಲ್ಲಿರುವ ಮೊಬೈಲ್ ಕಡೆ ಬರೋಣ. ಸದ್ದು ಅಳೆಯುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಅಗ್ಗದ ಫೋನಿನ ಮೈಕು ಅಂಕಿಯನ್ನು ಕರಾರುವಾಕ್ಕಾಗಿ ತೋರಿಸುವುದಿಲ್ಲ, ನಿಜ. ಆದರೂ ಒಂದೇ ಫೋನಿನಲ್ಲಿ ಶಾಲೆಯ ವರಾಂಡ, ಹಿಟ್ಟಿನ ಗಿರಣಿ, ಟ್ರ್ಯಾಕ್ಟರ್ ಸೀಟು, ಮದುವೆ ಮಂಟಪ ಎಲ್ಲವನ್ನೂ ಅಳೆದರೆ ಯಾವುದು ಎಷ್ಟು ಜೋರು ಎಂಬುದು ಗೊತ್ತಾಗುತ್ತದೆ. ಆ್ಯಪ್ ಇಲ್ಲವೇ? ಮಾರು ದೂರದಲ್ಲಿ ನಿಂತವನೊಂದಿಗೆ ಮಾತಾಡಲು ಕೂಗಬೇಕಾಯಿತೆಂದರೆ ಅಲ್ಲಿನ ಸದ್ದು ಕಿವಿಗೆ ಅಪಾಯ ಎಂದೇ ತಿಳಿಯಿರಿ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ‘ಡೇಂಜರಸ್ ಡೆಸಿಬೆಲ್ಸ್’ ಎಂಬ ಕಾರ್ಯಕ್ರಮ ಶಾಲಾ ಮಕ್ಕಳಿಗೆ ಇಂಥ ಪಾಠವನ್ನು ಆಟದ ಹಾಗೆ ಹೇಳಿಕೊಡುತ್ತದೆ, ಇಂಟರ್‌ನೆಟ್‌ನಲ್ಲೂ. ಅವರ ಬಳಿ ಜೋಲಿನ್ ಎಂಬ ಗೊಂಬೆಯಿದೆ: ಬಟ್ಟೆ ಅಂಗಡಿಯ ಗೊಂಬೆಗೆ ಸಿಲಿಕಾನ್ ಕಿವಿ, ಒಳಗೆ ಸದ್ದಿನ ಮೀಟರ್. ನಿಮ್ಮ ಇಯರ್‌ಫೋನನ್ನು ಅದರ ಕಿವಿಗೆ ಇಟ್ಟರೆ ನೀವು ದಿನಾ ಎಷ್ಟು ಜೋರಾಗಿ ಕೇಳುತ್ತೀರಿ ಎಂಬುದು ಬಯಲಾಗುತ್ತದೆ. ವಿಜ್ಞಾನದ ಸರ್ ಜೊತೆಗಿದ್ದರೆ ಇಂಥದ್ದೊಂದು ನಮ್ಮ ಕಡೆಯೂ ಆಗದ ಮಾತಲ್ಲ.

ಆದರೆ ಆರೆಗಾನ್‌ನವರ ಪಾಠದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಇರುವುದಿಲ್ಲ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡದಲ್ಲಿಯೇ ತಿಳಿವಳಿಕೆ ಕೊಡುತ್ತದೆ. ಅದನ್ನು ಹುಡುಕಿ ಓದಿ. ಓದಿದ ಮೇಲೆ ನಿಮ್ಮ ಮಾತಿನಲ್ಲಿ ಪಾಠ ಕಟ್ಟಿ. ಪಕ್ಕದ ಸೋಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯಲ್ಲಿ ರಣಜಿತ್‌ಸಿಂಹ ಡಿಸಲೆ ಗುರುಗಳು ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಅಂಟಿಸಿ, ಫೋನ್ ಹಿಡಿದರೆ ಪಾಠ ಕೇಳುವ ಹಾಗೆ ಮಾಡಿದರು. 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು; ಬಂದ ಹತ್ತು ಲಕ್ಷ ಡಾಲರಿನಲ್ಲಿ ಅರ್ಧವನ್ನು ಉಳಿದ ಸ್ಪರ್ಧಿಗಳಿಗೆ ಹಂಚಿಬಿಟ್ಟರು. ಹಳ್ಳಿಯ ಸರ್ಕಾರಿ ಶಾಲೆಯಿಂದ ಏನಾಗುತ್ತದೆ ಎನ್ನುವವರಿಗೆ ಇದನ್ನು ಹೇಳಿ.

ನಿಮಗೆ ಇನ್ನೊಂದು ಬಲವಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಗಡಿಯವರೆಂದರೆ ಎರಡೂ ಕಡೆಯವರು ಕಡೆಗಣಿಸುತ್ತಾರೆ ಎಂಬ ಗೊಣಗಾಟ ದೊಡ್ಡವರಿಗೆ ಇರಲಿ. ಜೋಳದ ಹೊಲದಲ್ಲಿ ನಿಂತು, ಸಸಿ ತೋರಿಸಿ ಎರಡು ನಿಮಿಷದ ವಿಡಿಯೊ ಮಾಡಿ. ಒಮ್ಮೆ ಕನ್ನಡದಲ್ಲಿ, ಇನ್ನೊಮ್ಮೆ ಮರಾಠಿಯಲ್ಲಿ. ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿ. ಇನ್ನೊಂದು ವಿಡಿಯೊ ಮನೆಮದ್ದಿನ ಮೇಲಿರಲಿ: ಸೋರುವ ಕಿವಿಗೆ ಎಣ್ಣೆ ಬಿಡಬಾರದು, ಪಿನ್ನು ಕಡ್ಡಿ ಹಾಕಬಾರದು, ಡಾಕ್ಟರಿಗೆ ತೋರಿಸಬೇಕು. ಮಕ್ಕಳ ಕಿವುಡುತನದಲ್ಲಿ ಸುಮಾರು ಶೇಕಡಾ 60ರಷ್ಟು ತಡೆಯಬಹುದಾದದ್ದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಿಮ್ಮ ತರಗತಿಯಲ್ಲೇ ಒಬ್ಬನಿರಬಹುದು. ಹೆಸರು ಕರೆದರೆ ತಡವಾಗಿ ತಿರುಗುತ್ತಾನೆ, ಶುದ್ಧಲೇಖನದಲ್ಲಿ ಬೈಸಿಕೊಳ್ಳುತ್ತಾನೆ, ‘ದಡ್ಡ’ ಎಂದು ಹೆಸರು ಬಿದ್ದಿದೆ. ಅವನನ್ನು ಮುಂದಿನ ಸಾಲಿಗೆ ಕರೆತನ್ನಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಶಾಲೆಗೆ ಬಂದಾಗ ಅವನ ಕಿವಿ ನೋಡಿ ಎಂದು ನೀವೇ ಬಾಯಿ ಬಿಟ್ಟು ಹೇಳಿ.

ಮಾರ್ಚ್ 3 ವಿಶ್ವ ಶ್ರವಣ ದಿನ. ಹತ್ತನೆಯವರಿಗೆ ಅದು ಪರೀಕ್ಷೆಯ ಗಡಿಬಿಡಿಯ ಕಾಲ, ಆದ್ದರಿಂದ ಎಂಟು, ಒಂಬತ್ತರವರು ಮುಂದೆ ನಿಲ್ಲಬೇಕು. ಅಳತೆಯ ಕೆಲಸ ಮಾತ್ರ ಅಲ್ಲಿಯವರೆಗೆ ಕಾಯುವುದು ಬೇಡ. ಗಣಪತಿ ಹಬ್ಬಕ್ಕೇ ಶುರುವಾಗಲಿ. ಮಂಡಳದ ಅಧ್ಯಕ್ಷರ ಹತ್ತಿರ ಹೋಗಿ ಅಳೆದ ಅಂಕಿಯನ್ನು ಕೈಗೆ ಕೊಟ್ಟು ಹೇಳಿ: “ಕಾಕಾ, ಬಾಕ್ಸ್ ಎದುರಿಗಿ ಸಣ್ಣ ಹುಡುಗರನ್ನ ನಿಲ್ಲಸಬ್ಯಾಡ್ರಿ. ಸೌಂಡ್ ಒಂದಿಷ್ಟು ಇಳಸ್ರಿ, ಕುಣಿಯಾಕ ನಾವೂ ಬರ್ತೀವಿ.”