ನಸುಕಿನ ಎಂಜಿನ್ ಶಬ್ದ: ಟರ್ಬೋ ಬದಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ರಾಮದುರ್ಗ ತಾಲೂಕಿನ ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಗ್ರಾಮ ಪಂಚಾಯತಿಗಳ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಪಂಚಾಯತಿಯ ತರಬೇತಿ ಸಭೆಯಲ್ಲಿ ಎಂಜಿನ್ ಶಬ್ದವನ್ನು ಕುರಿತು ಮಾತನಾಡುವುದು ತಮಗೆ ವಿಚಿತ್ರವೆನಿಸಬಹುದು. ತೆರಿಗೆ ವಸೂಲಿ, ಉದ್ಯೋಗ ಖಾತರಿ, ಕುಡಿಯುವ ನೀರು ಇವು ನಮ್ಮ ನಿತ್ಯದ ವಿಷಯಗಳು. ಆದರೆ ನಮ್ಮ ಅನೇಕ ಪಂಚಾಯತಿಗಳಲ್ಲಿ ಇಂದು ಸ್ವಚ್ಛ ವಾಹಿನಿ ಇದೆ, ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್ ಇದೆ. ಇವುಗಳ ದುರಸ್ತಿಯ ದರಪಟ್ಟಿ ಸಾಮಾನ್ಯ ಸಭೆಯ ಮುಂದೆ ಬರುತ್ತದೆ ಮತ್ತು ಅದಕ್ಕೆ ಅನುಮೋದನೆ ನೀಡುವವರು ತಾವು. ಗ್ರಾಮದ ನೈರ್ಮಲ್ಯವನ್ನು ಕಾಪಾಡುವುದು ಪಂಚಾಯತಿಯ ಮೇಲೆ ಕಾನೂನು ಹೊರಿಸಿದ ಕರ್ತವ್ಯವಾಗಿದೆ. ಕಸದ ವಾಹನ ನಿಂತರೆ ಮೂರನೆಯ ದಿನಕ್ಕೆ ಕಸ ಗಟಾರ ಸೇರುತ್ತದೆ. ಆದ್ದರಿಂದ ಈ ವಿಷಯವನ್ನು ಆಯ್ದುಕೊಂಡಿದ್ದೇನೆ.

ಒಂದು ಪ್ರಸಂಗದಿಂದ ಆರಂಭಿಸುತ್ತೇನೆ. ಕಳೆದ ಚಳಿಗಾಲದಲ್ಲಿ, ಗೊಡಚಿ ಜಾತ್ರೆ ಮುಗಿದ ಕೆಲವು ದಿನಗಳ ನಂತರ, ನಮ್ಮ ಪಂಚಾಯತಿಯ ಕಸ ಸಂಗ್ರಹಣಾ ವಾಹನದ ಚಾಲಕಿ ಕಚೇರಿಗೆ ಬಂದು, "ಸರ್, ನಸುಕಿನ್ಯಾಗ ಗಾಡಿ ಚಾಲೂ ಮಾಡಿದ ಕೂಡ್ಲೆ ಟಪ್ ಟಪ್ ಅಂತ ಸಪ್ಪಳ ಬರ್ತೈತ್ರಿ, ಐದು ನಿಮಿಷ ಆದ ಮ್ಯಾಗ ತಾನ ನಿಂತು ಹೊಕ್ಕೈತ್ರಿ" ಎಂದರು. ವಾಹನವನ್ನು ಪಟ್ಟಣದ ಗ್ಯಾರೇಜಿಗೆ ಕಳುಹಿಸಲಾಯಿತು. ಅದು ಅಲ್ಲಿಗೆ ತಲುಪಿದಾಗ ಮಧ್ಯಾಹ್ನವಾಗಿತ್ತು. ಎಂಜಿನ್ ಪೂರ್ಣ ಬಿಸಿಯಾಗಿತ್ತು, ಶಬ್ದ ಬರಲಿಲ್ಲ. ಆದರೂ ಸಂಜೆಯ ಹೊತ್ತಿಗೆ "ಟರ್ಬೋ ಬದಲಾವಣೆ" ಎಂಬ ಒಂದೇ ಸಾಲಿನ ಅಂದಾಜು ಪಟ್ಟಿ ಕೈಗೆ ಬಂದಿತು. ಸಭೆಯಲ್ಲಿ ಕೆಲವು ಸದಸ್ಯರು, ಚಾಲಕಿಗೆ ಗಾಡಿ ಓಡಿಸಲು ಬಾರದೆಂದೇ ಟರ್ಬೋ ಕೆಟ್ಟಿತೆಂದರು.

ಮರುದಿನ ನಸುಕಿನ ಐದೂವರೆಗೆ ನಾವು ಮೂವರು, ಅಂದರೆ ಚಾಲಕಿ, ಊರಿನಲ್ಲೇ ಟ್ರ್ಯಾಕ್ಟರ್ ದುರಸ್ತಿ ಮಾಡುವ ಮೆಕ್ಯಾನಿಕ್ ಮತ್ತು ನಾನು, ತಣ್ಣಗಿದ್ದ ವಾಹನದ ಬಳಿ ನಿಂತೆವು. ಚಾಲೂ ಮಾಡಿದೊಡನೆ ಶಬ್ದ ಕೇಳಿಸಿತು. ಬ್ಯಾಟರಿ ಹಿಡಿದು ನೋಡಿದಾಗ, ಎಂಜಿನ್ನಿನ ಹೊಗೆ ಟರ್ಬೋಗೆ ಹೋಗುವ ಜೋಡಣೆಯ ಬಳಿ ಕಪ್ಪು ಮಸಿಯ ಗೆರೆ ಕಂಡಿತು. ಅಲ್ಲಿನ ಗ್ಯಾಸ್ಕೆಟ್ ಸುಟ್ಟಿತ್ತು, ಒಂದು ನಟ್ ಸಡಿಲವಾಗಿತ್ತು. ತಣ್ಣಗಿರುವಾಗ ಆ ಸಂದಿಯಿಂದ ಹೊಗೆ ಹೊರಬರುತ್ತಿತ್ತು. ಲೋಹ ಕಾದು ಹಿಗ್ಗಿದಾಗ ಸಂದಿ ಮುಚ್ಚಿಕೊಂಡು ಶಬ್ದ ನಿಲ್ಲುತ್ತಿತ್ತು. ಗ್ಯಾಸ್ಕೆಟ್ ಬದಲಿಸಿ, ನಟ್ ಬಿಗಿದ ಮೇಲೆ ವಾಹನ ಅದೇ ದಿನ ಕಸಕ್ಕೆ ಹೋಯಿತು. ಟರ್ಬೋಗೆ ಏನೂ ಆಗಿರಲಿಲ್ಲ.

ಇಂದಿನ ನನ್ನ ಮಾತಿನ ಸಾರ ಇಷ್ಟೇ: ತಣ್ಣನೆಯ ಎಂಜಿನ್ನಿನ ಶಬ್ದವನ್ನು ತಣ್ಣಗಿರುವಾಗಲೇ ಕೇಳಬೇಕು. ಅದನ್ನು ನಿತ್ಯ ಕೇಳುವ ವ್ಯಕ್ತಿ ಚಾಲಕಿಯೊಬ್ಬರೇ. ಅವರ ಮಾತನ್ನು ಬರೆದುಕೊಂಡು ಪರಿಶೀಲಿಸದೆ ಹಣ ಮಂಜೂರು ಮಾಡಬಾರದು.

ಟರ್ಬೋ ಎಂದರೇನು?

ಕಮ್ಮಾರನ ಕುಲುಮೆಯನ್ನು ತಾವೆಲ್ಲ ಕಂಡಿದ್ದೀರಿ. ತಿದಿ ಒತ್ತಿದಷ್ಟೂ ಗಾಳಿ ಹೆಚ್ಚಿ ಬೆಂಕಿ ತೀಕ್ಷ್ಣವಾಗುತ್ತದೆ. ಎಂಜಿನ್ನಿಗೆ ಟರ್ಬೋ ಮಾಡುವ ಕೆಲಸವೂ ಅದೇ. ಸೈಲೆನ್ಸರ್ ಕಡೆಗೆ ವ್ಯರ್ಥವಾಗಿ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ ಅವರು 1905ರಲ್ಲಿ ಈ ತತ್ತ್ವಕ್ಕೆ ಪೇಟೆಂಟ್ ಪಡೆದರು.

ಸಣ್ಣ ವಾಹನಗಳ ಟರ್ಬೋದಲ್ಲಿ ಈ ದಂಡ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಸಾಮಾನ್ಯವಾಗಿ ಅದು ಬೇರಿಂಗ್ ಲೋಹವನ್ನು ಮುಟ್ಟದೆ, ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ಆ ಪದರ ಇರುವವರೆಗೆ ಟರ್ಬೋ ವರ್ಷಗಟ್ಟಲೆ ಬಾಳುತ್ತದೆ. ಪದರ ತಪ್ಪಿದರೆ ಅಲ್ಪಕಾಲದಲ್ಲೇ ಸವೆಯುತ್ತದೆ.

ಇನ್ನೊಂದು ಅಂಶ ಗಮನಾರ್ಹ. ನಮ್ಮ ಎಲ್ಲ ಸ್ವಚ್ಛ ವಾಹಿನಿಗಳಿಗೂ ಟರ್ಬೋ ಇರುವುದಿಲ್ಲ. ಕೆಲವು ಸಣ್ಣ ಗಾಡಿಗಳ ಎಂಜಿನ್ನಿನಲ್ಲಿ ಅದು ಇಲ್ಲವೇ ಇಲ್ಲ. ವಿದ್ಯುತ್ ವಾಹನಕ್ಕಂತೂ ಅದರ ಪ್ರಶ್ನೆಯೇ ಬಾರದು. ಟರ್ಬೋ ದುರಸ್ತಿಯ ಪಟ್ಟಿ ಬಂದಾಗ, "ಈ ವಾಹನಕ್ಕೆ ಟರ್ಬೋ ಇದೆಯೇ?" ಎಂಬುದೇ ತಮ್ಮ ಮೊದಲ ಪ್ರಶ್ನೆಯಾಗಲಿ. ಉತ್ತರ ವಾಹನದ ಕೈಪಿಡಿಯಲ್ಲಿರುತ್ತದೆ.

ನಸುಕಿನಲ್ಲೇ ಏಕೆ ಶಬ್ದ?

ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದಾಗಿ, ಚಳಿಯಲ್ಲಿ ಆಯಿಲ್ ಗಟ್ಟಿಯಾಗಿ ನಿಧಾನವಾಗಿ ಹರಿಯುತ್ತದೆ. ಡಬ್ಬದ ಮೇಲೆ 15ಡಬ್ಲ್ಯೂ-40 ಎಂದು ಬರೆದಿದ್ದರೆ, ಡಬ್ಲ್ಯೂ ಅಕ್ಷರದ ಜೊತೆಗಿರುವ ಅಂಕಿ ಚಳಿಯಲ್ಲಿನ ಹರಿವನ್ನು ಸೂಚಿಸುತ್ತದೆ. ಆ ಅಂಕಿ ಕಡಿಮೆಯಿದ್ದಷ್ಟೂ ಚಳಿಯಲ್ಲಿ ಹರಿವು ಸುಲಭ. ಎರಡನೆಯದಾಗಿ, ರಾತ್ರಿಯಿಡೀ ನಿಂತ ವಾಹನದಲ್ಲಿ ಆಯಿಲ್ ಕೆಳಗಿಳಿದಿರುತ್ತದೆ. ಉತ್ತಮ ಆಯಿಲ್ ಫಿಲ್ಟರಿನಲ್ಲಿ ಅದನ್ನು ತಡೆಹಿಡಿಯುವ ಒಂದು ರಬ್ಬರ್ ಕವಾಟ ಇರುತ್ತದೆ. ಕಳಪೆ ಫಿಲ್ಟರಿನಲ್ಲಿ ಅದು ಸರಿಯಾಗಿ ಕೆಲಸ ಮಾಡದೆ, ಬೆಳಿಗ್ಗೆ ಆಯಿಲ್ ಮೇಲೇರಲು ತಡವಾಗುತ್ತದೆ. ಮೂರನೆಯದಾಗಿ, ತಣ್ಣಗಿರುವ ಲೋಹ ಕುಗ್ಗಿರುವುದರಿಂದ ಜೋಡಣೆಗಳ ಸಂದಿ ಹಿಗ್ಗಿರುತ್ತದೆ.

ಶಬ್ದಗಳ ವಿಂಗಡಣೆ

1. ಟಪ್ ಟಪ್ ಅಥವಾ ಚಕ್ ಚಕ್: ಎಂಜಿನ್ ವೇಗಕ್ಕೆ ಸರಿಯಾಗಿ ಬಂದು, ಬಿಸಿಯಾದಂತೆ ಕಡಿಮೆಯಾದರೆ ಹೊಗೆಯ ಜೋಡಣೆಯಲ್ಲಿ ಸೋರಿಕೆ ಇರುವ ಸಂಭವ ಹೆಚ್ಚು. ಮಸಿಯ ಗುರುತು, ಹೊಗೆಯ ವಾಸನೆ ಇದಕ್ಕೆ ಸಾಕ್ಷಿ.

2. ಕಿರ್ರ್ ಎಂಬ ಚೀರುವಿಕೆ: ಚಾಲೂ ಆದ ಕೂಡಲೇ ಬಂದು ಕೆಲವು ಕ್ಷಣಗಳಲ್ಲಿ ನಿಂತರೆ ಬಹುಮಟ್ಟಿಗೆ ಅದು ಆಲ್ಟರ್ನೇಟರಿನ ಬೆಲ್ಟ್. ಮಂಜು ಬಿದ್ದ ಬೆಳಗುಗಳಲ್ಲಿ ಇದು ಹೆಚ್ಚು.

3. ಕಿಣಿ ಕಿಣಿ ಎಂಬ ತಗಡಿನ ಶಬ್ದ: ಶಾಖ ತಡೆಯುವ ತಗಡಿನ ಬೋಲ್ಟ್ ಸಡಿಲವಾಗಿರಬಹುದು. ಅಥವಾ ಟರ್ಬೋದ ಹೆಚ್ಚುವರಿ ಹೊಗೆಯನ್ನು ಬೇರೆಡೆಗೆ ಬಿಡುವ ಸಣ್ಣ ಬಾಗಿಲು, ಅಂದರೆ ವೇಸ್ಟ್‌ಗೇಟ್, ಅಲುಗಾಡುತ್ತಿರಬಹುದು. ಇದಕ್ಕೂ ಇಡೀ ಟರ್ಬೋವನ್ನು ಬದಲಿಸಲೇಬೇಕೆಂದಿಲ್ಲ.

4. ಕಟ ಕಟ ಎಂಬ ಗಡುಸು ಶಬ್ದ, ಜೊತೆಗೆ ಬಿಳಿ ಹೊಗೆ: ಡೀಸೆಲ್ ತಣ್ಣನೆಯ ಸಿಲಿಂಡರಿನಲ್ಲಿ ತಡವಾಗಿ ಹೊತ್ತಿಕೊಳ್ಳುವುದರಿಂದ ಬರುತ್ತದೆ. ಹೀಟರ್ ಪ್ಲಗ್ ಪರೀಕ್ಷಿಸಬೇಕು.

5. ಸುಯ್ ಎಂಬ ಗಾಳಿಯ ಶಬ್ದ: ಗಾಡಿ ಭಾರ ಎಳೆಯುವಾಗ ಹೆಚ್ಚಾಗಿ, ಶಕ್ತಿ ಕುಂದಿ, ಕಪ್ಪು ಹೊಗೆ ಬಂದರೆ ಟರ್ಬೋದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪು ಸೀಳಿರಬಹುದು, ಅಥವಾ ಅದರ ಕ್ಲಿಪ್ಪು ಜಾರಿರಬಹುದು.

6. ಸೈರನ್ ಅಥವಾ ಸೀಟಿಯಂಥ ಕೂಗು: ಟರ್ಬೋ ಇರುವ ವಾಹನದಲ್ಲಿ ಸಣ್ಣ ಸೀಟಿ ಸಹಜ. ಆದರೆ ಅದು ಹೊಸದಾಗಿ ಕಾಣಿಸಿಕೊಂಡು, ದಿನದಿಂದ ದಿನಕ್ಕೆ ಜೋರಾಗಿ, ಆಕ್ಸಿಲರೇಟರ್ ಬಿಟ್ಟ ಮೇಲೂ ಕ್ಷಣಕಾಲ ಎಳೆದಂತೆ ಕೇಳಿಸಿ, ಜೊತೆಗೆ ನೀಲಿ ಹೊಗೆ ಬಂದು ಆಯಿಲ್ ಕಡಿಮೆಯಾಗುತ್ತಿದ್ದರೆ ಬೇರಿಂಗ್ ಸವೆದಿದೆ ಎಂದು ಶಂಕಿಸಬೇಕು. ಬೆಲ್ಟಿನ ಶಬ್ದ ಎಂಜಿನ್ ವೇಗ ಇಳಿದೊಡನೆ ಇಳಿಯುತ್ತದೆ. ಟರ್ಬೋ ಕೂಗು ಸ್ವಲ್ಪ ತಡವಾಗಿ ಏರಿ, ತಡವಾಗಿ ಇಳಿಯುತ್ತದೆ. ಈ ಆರನೆಯ ಶಬ್ದಕ್ಕೆ ವಾಹನವನ್ನು ಅಂದೇ ನಿಲ್ಲಿಸಬೇಕು.

ಪರಿಶೀಲನೆಯ ಕ್ರಮ

ವಾಹನ ರಾತ್ರಿಯಿಡೀ ನಿಂತಿರಬೇಕು. ಚಾಲೂ ಮಾಡುವ ಮುನ್ನ ಕಡ್ಡಿಯಿಂದ ಆಯಿಲ್ ಮಟ್ಟ ನೋಡಬೇಕು. ಚಾಲೂ ಆದ ನಂತರ ಆಯಿಲ್ ಒತ್ತಡದ ಕೆಂಪು ದೀಪ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಬೇಕು. ಶಬ್ದ ಎಷ್ಟು ಹೊತ್ತು ಇತ್ತು, ಹೊಗೆಯ ಬಣ್ಣ ಯಾವುದು ಎಂಬುದನ್ನು ಬರೆದುಕೊಳ್ಳಬೇಕು. ಒಬ್ಬರು ಚಾಲನಾ ಆಸನದಲ್ಲಿರಲಿ, ಇನ್ನೊಬ್ಬರು ಆಲಿಸಲಿ. ಒಂದು ಮೊಳ ರಬ್ಬರ್ ಪೈಪಿನ ತುದಿಯನ್ನು ಕಿವಿಯ ಬಳಿ ಹಿಡಿದು, ಇನ್ನೊಂದು ತುದಿಯನ್ನು ಅಲ್ಲಲ್ಲಿ ಸರಿಸಿದರೆ ಶಬ್ದದ ಮೂಲ ತಿಳಿಯುತ್ತದೆ. ಸೆರಗು, ದುಪಟ್ಟಾ, ಟವೆಲ್ ಯಾವುದೂ ಬೆಲ್ಟು ಮತ್ತು ಫ್ಯಾನಿನ ಸಮೀಪ ಬಾರದಂತೆ ಎಚ್ಚರ ವಹಿಸಬೇಕು.

ನಂತರ ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ತಣ್ಣಗಾದ ಮೇಲೆ ಮೆಕ್ಯಾನಿಕ್ ಮೂಲಕ ಟರ್ಬೋದ ಗಾಳಿ ಪೈಪನ್ನು ಬಿಚ್ಚಿಸಿ ನೋಡಬೇಕು. ಚಕ್ರ ಬೆರಳಿನಿಂದ ಸರಾಗವಾಗಿ ತಿರುಗಬೇಕು. ಅಕ್ಕಪಕ್ಕಕ್ಕೆ ಅತ್ಯಲ್ಪ ಅಲುಗಾಟ ಸಹಜ. ಹಿಂದೆ ಮುಂದೆ ಎಳೆದಾಗ ಅಲುಗಿದರೆ, ಅಥವಾ ಚಕ್ರದ ಅಂಚು ಗೋಡೆಗೆ ತಾಗಿದ ಗುರುತಿದ್ದರೆ ಟರ್ಬೋ ಕೆಟ್ಟಿದೆ. ಪೈಪಿನೊಳಗೆ ಸ್ವಲ್ಪ ಆಯಿಲ್ ಪಸೆ ಕಂಡ ಮಾತ್ರಕ್ಕೆ ಗಾಬರಿ ಬೇಡ, ಅದು ಸಹಜವೂ ಆಗಿರಬಹುದು. 2020ರ ಏಪ್ರಿಲ್ ನಂತರ ಮಾರಾಟವಾದ ಬಿಎಸ್-6 ವಾಹನಗಳಲ್ಲಿ ಎಚ್ಚರಿಕೆಯ ದೀಪ ಹೊತ್ತಿದ್ದರೆ ಸ್ಕ್ಯಾನರ್ ಮೂಲಕ ದೋಷ ಸಂಖ್ಯೆ ಓದಿಸಿ, ಅದನ್ನು ಲಿಖಿತವಾಗಿ ಪಡೆಯಬೇಕು.

ನನ್ನ ತಪ್ಪು

ಶಬ್ದವನ್ನು ಸಣ್ಣದೆಂದು ಬಿಡುವುದೂ ತಪ್ಪೇ. ಅದನ್ನು ನಾನು ಅನುಭವದಿಂದ ಕಲಿತೆ. ಹಿಂದೆ ಕೆಲಸ ಮಾಡುತ್ತಿದ್ದ ಬೇರೊಂದು ಪಂಚಾಯತಿಯಲ್ಲಿ ಚಾಲಕಿಯು ಲಾಗ್ ಪುಸ್ತಕದಲ್ಲಿ "ಬೆಳಿಗ್ಗೆ ಸೀಟಿ ಶಬ್ದ" ಎಂದು ಬರೆದಿದ್ದರು. ಮುಂದಿನ ವಾರ "ಸೀಟಿ ಜೋರಾಗಿದೆ" ಎಂದೂ, ಅದರ ಮುಂದಿನ ವಾರ "ಆಯಿಲ್ ಕಡಿಮೆ, ನೀಲಿ ಹೊಗೆ" ಎಂದೂ ಬರೆದರು. ಮೂರೂ ಪುಟಗಳಿಗೆ ನಾನು ಸಹಿ ಮಾಡಿದ್ದೆ, ಕಿಲೋಮೀಟರ್ ಮತ್ತು ಡೀಸೆಲ್ ಅಂಕಣಗಳನ್ನು ಮಾತ್ರ ನೋಡಿದ್ದೆ. ನಾಲ್ಕನೆಯ ವಾರ ಕಸ ವಿಲೇವಾರಿ ಘಟಕದ ದಾರಿಯಲ್ಲಿ ಟರ್ಬೋ ಒಡೆದು, ಅದರ ಆಯಿಲ್ ಎಂಜಿನ್ನಿನೊಳಗೆ ಸೇರಿತು. ಡೀಸೆಲ್ ಎಂಜಿನ್ ಆ ಆಯಿಲನ್ನೇ ಉರಿಸಿಕೊಂಡು ತಾನಾಗಿಯೇ ವೇಗ ಪಡೆಯಿತು. ಕೀಲಿ ತಿರುಗಿಸಿದರೂ ನಿಲ್ಲಲಿಲ್ಲ. ಆ ತಾಯಿ ಧೈರ್ಯಗೆಡದೆ, ಬ್ರೇಕನ್ನು ಬಲವಾಗಿ ಒತ್ತಿಹಿಡಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ನನ್ನು ನಿಲ್ಲಿಸಿದರು. ಯಾರಿಗೂ ಗಾಯವಾಗಲಿಲ್ಲ. ಇಂಥ ಸ್ಥಿತಿಯಲ್ಲಿ ಮಾಡಬೇಕಾದುದೂ ಅದನ್ನೇ. ಬಾನೆಟ್ ತೆರೆದು ಬಳಿ ನಿಲ್ಲಬಾರದು.

ಎಂಜಿನ್ ದುರಸ್ತಿಗೆ ಸುಮಾರು ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ವಾರಕ್ಕೆರಡು ಬಾರಿ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಕಸ ಎತ್ತಿಸಿದೆವು. ಸಭೆಯಲ್ಲಿ ದೂಷಣೆ ಚಾಲಕಿಯ ಮೇಲೆ ಬಂದಾಗ, ಲಾಗ್ ಪುಸ್ತಕ ತರಿಸಿ ಆ ಮೂರು ಪುಟಗಳನ್ನು ನಾನೇ ಓದಿದೆ, ಕೆಳಗಿದ್ದ ನನ್ನ ಸಹಿಯನ್ನೂ ತೋರಿಸಿದೆ. ಎಂಜಿನಿಯರಿಂಗ್ ಓದಿದ್ದ ನಾನು ತಿಳಿಯದ್ದನ್ನು, ಒಕ್ಕೂಟದ ಮೂಲಕ ಚಾಲನೆ ಕಲಿತ ಆ ಹೆಣ್ಣುಮಗಳು ಮೂರು ವಾರ ಮೊದಲೇ ತಿಳಿದು ಬರೆದಿದ್ದರು.

ಸದಸ್ಯರಲ್ಲಿ ವಿನಂತಿ

ತಾವು ಮೆಕ್ಯಾನಿಕ್ ಆಗಬೇಕಾಗಿಲ್ಲ. ಸಭೆಯಲ್ಲಿ ಈ ಕೆಳಗಿನ ಅಂಶಗಳನ್ನು ಕೇಳಿದರೆ ಸಾಕು.

1. ಲಾಗ್ ಪುಸ್ತಕದಲ್ಲಿ "ಶಬ್ದ, ಹೊಗೆ, ಆಯಿಲ್" ಎಂಬ ಅಂಕಣವಿರಲಿ. ಅದನ್ನು ಓದಿಯೇ ಸಹಿ ಮಾಡುವಂತೆ ಅಧಿಕಾರಿಯನ್ನು ಹೊಣೆಯಾಗಿಸಿ.

2. ತಣ್ಣಗಿರುವಾಗಿನ ಶಬ್ದವಾದರೆ ವಾಹನವನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು, ಬೆಳಿಗ್ಗೆ ಚಾಲಕಿಯ ಸಮಕ್ಷಮ ಪರಿಶೀಲಿಸಲಿ. ಇಲ್ಲವೇ ಮೆಕ್ಯಾನಿಕ್ ನಸುಕಿನಲ್ಲಿ ಊರಿಗೆ ಬರಲಿ.

3. "ಟರ್ಬೋ ಬದಲಾವಣೆ" ಎಂಬ ಒಂದೇ ಸಾಲನ್ನು ಒಪ್ಪಬೇಡಿ. ಏನು ಪರೀಕ್ಷಿಸಲಾಯಿತು, ಏನು ಕಂಡಿತು ಎಂಬುದು ಬರವಣಿಗೆಯಲ್ಲಿರಲಿ. ವಾಹನ ವಾರಂಟಿ ಅವಧಿಯಲ್ಲಿದೆಯೇ ಎಂಬುದನ್ನೂ ಕೇಳಿ.

4. ಟರ್ಬೋ ನಿಜಕ್ಕೂ ಕೆಟ್ಟಿದ್ದರೆ, ಏಕೆ ಕೆಟ್ಟಿತೆಂದು ಕೇಳಿ. ಆಯಿಲ್ ಪೈಪು ಕಟ್ಟಿಕೊಂಡಿದ್ದರೆ, ಫಿಲ್ಟರ್ ಕಳಪೆಯಾಗಿದ್ದರೆ, ಕಾರಣ ಸರಿಪಡಿಸದೆ ಹಾಕಿದ ಹೊಸ ಟರ್ಬೋ ಕೂಡ ಉಳಿಯದು. ಬಿಚ್ಚಿದ ಹಳೆಯ ಭಾಗವನ್ನು ಪಂಚಾಯತಿಗೆ ಮರಳಿ ಪಡೆದು ದಾಖಲಿಸಿ.

5. ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಆಯಿಲ್ ಮತ್ತು ಫಿಲ್ಟರನ್ನೇ ಸಕಾಲಕ್ಕೆ ಹಾಕಿಸಿ. ಆ ಬಿಲ್ಲನ್ನು ಮುಂದೂಡಿ ಮಾಡುವ ಉಳಿತಾಯ ನಿಜವಾದ ಉಳಿತಾಯವಲ್ಲ.

6. ಚಾಲೂ ಮಾಡಿದ ಮೊದಲ ಒಂದು ನಿಮಿಷ ಆಕ್ಸಿಲರೇಟರ್ ಒತ್ತದೆ ಬಿಡುವುದು, ಭಾರ ಎಳೆದು ಬಂದ ಮೇಲೆ ಒಂದು ನಿಮಿಷ ನಿಧಾನಗತಿಯಲ್ಲಿ ಓಡಿಸಿ ನಂತರ ನಿಲ್ಲಿಸುವುದು ರೂಢಿಯಾಗಲಿ. ಇದರಿಂದ ಟರ್ಬೋಗೆ ಆಯಿಲ್ ತಲುಪಲೂ, ಅದು ತಣಿಯಲೂ ಅವಕಾಶವಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ತಮ್ಮ ಸ್ವಂತ ಟರ್ಬೋ ಟ್ರ್ಯಾಕ್ಟರ್ ಓಡಿಸುವ ಸದಸ್ಯರಿಗೂ ಇದು ಅನ್ವಯಿಸುತ್ತದೆ.

ಬಂಧುಗಳೇ, ಮುಂದಿನ ಸಭೆಯಲ್ಲಿ ದುರಸ್ತಿ ವಿಷಯ ಬಂದಾಗ ಚಾಲಕಿಯನ್ನು ಸಭೆಗೆ ಕರೆಯಿಸಿ, ಕುರ್ಚಿ ಕೊಟ್ಟು, ಅವರು ಕೇಳಿದ ಶಬ್ದ ಎಂಥದ್ದೆಂದು ಮೊದಲು ಅವರನ್ನೇ ಕೇಳಬೇಕೆಂದು ವಿನಂತಿಸುತ್ತೇನೆ.